ಕೆರೆಯ ಮೀನಿಗೆ ಲತಾಳ ಗಂಟಲು

ಕೆಂಗೇರಿ ಉಪನಗರದ ಲತಾ ಸಿನಿಮಾದಲ್ಲಿದ್ದಾಳೆ ಎಂದ ಕೂಡಲೇ ಪರದೆಯ ಮೇಲೆ ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಅವಳದು ಡಬ್ಬಿಂಗ್. ಅದರಲ್ಲೂ ಗುಂಪಿನ ದನಿ. ಮದುವೆಮನೆಯ ಗದ್ದಲ, ಸಂತೆಯ ಗಲಾಟೆ, ಹೆಣದ ಮುಂದಿನ ಗೋಳು, ಇವೆಲ್ಲಕ್ಕೂ ಹತ್ತಾರು ಜನ ಒಂದೇ ಮೈಕಿನ ಮುಂದೆ ನಿಂತು ಬಾಯಿಗೆ ಬಂದದ್ದನ್ನು ಅರಚುವ ಕೆಲಸ. ಇಷ್ಟು ವರ್ಷ ಗಂಟಲು ಹರಿದುಕೊಂಡರೂ ತನ್ನ ಒಂದು ಪದವೂ ಯಾರ ಕಿವಿಗೂ ಬಿದ್ದಿಲ್ಲ ಎಂದು ಅವಳೇ ನಗುತ್ತಾಳೆ. ನಗುವುದೇನೋ ನಗುತ್ತಾಳೆ, ಆದರೆ ನೆಂಟರ ಮನೆಯ ಮುಂಜಿ ಮದುವೆಗಳಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿಬಿಟ್ಟರೆ 'ಸಿನಿಮಾ ಫೀಲ್ಡು' ಎಂದು ಸೆರಗು ಸರಿಮಾಡಿಕೊಳ್ಳುವ ಚಟವನ್ನು ಮಾತ್ರ ಬಿಟ್ಟಿಲ್ಲ.

ಅವಳ ಜಂಬಕ್ಕೆ ಮಣೆ ಹಾಕದವರೆಂದರೆ ಅತ್ತೆ ಪಾಪಮ್ಮ ಒಬ್ಬರೇ. ಪಕ್ಕದ ಉಲ್ಲಾಳದಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲದ ಹೆಂಗಸು. ಸಕ್ಕರೆ ಕಾಯಿಲೆ ಕಣ್ಣುಗಳನ್ನು ಎಂದೋ ತಿಂದುಹಾಕಿದೆ, ಕಿವಿ ಮಾತ್ರ ಬಲು ಚುರುಕು. ಧಾರಾವಾಹಿಗಳನ್ನೆಲ್ಲ ಕಿವಿಯಲ್ಲೇ ನೋಡುತ್ತಾರೆ. ನಾಯಕಿಗೂ ಅವಳ ಸವತಿಗೂ ಒಬ್ಬಳೇ ಮಾತಾಡಿದ್ದಾಳೆ ಎಂದು ಕೂತಲ್ಲಿಂದಲೇ ಹೇಳಿಬಿಡುತ್ತಾರೆ. ಅಂಥ ಕಿವಿಗೆ ಸೊಸೆಯ ದನಿ ಒಂದು ಸಿನಿಮಾದಲ್ಲೂ ಸಿಕ್ಕಿರಲಿಲ್ಲ. ಮಗ ಸಂಪತ್ ತೀರಿಕೊಂಡ ಮೇಲಂತೂ, ಇವಳು ಬ್ಯಾಗು ನೇತುಹಾಕಿಕೊಂಡು ದಿನಾ ಎಲ್ಲಿಗೆ ಹೋಗುತ್ತಾಳೋ ಆ ಶಿವನಿಗೇ ಗೊತ್ತು ಎಂದು ಬೀದಿಯವರ ಮುಂದೆಲ್ಲ ಆಡಿಕೊಂಡಿದ್ದರು. ಲತಾಳಿಗೆ ಪ್ರಶಸ್ತಿಯೂ ಬೇಡ, ಹಾರವೂ ಬೇಡ. ಈ ಮುದುಕಿ ಒಂದೇ ಒಂದು ಸಲ 'ಇದು ನೀನೇ' ಅಂದರೆ ಸಾಕಿತ್ತು. ಈಗ ಗುಂಪಿನ ಗದ್ದಲವೆಲ್ಲ ಕಂಪ್ಯೂಟರಿನಲ್ಲೇ ಸಿಗುವಂತಾಗಿ ಅವಳನ್ನು ಕರೆಯುವವರೂ ಇಲ್ಲ. ಉಳಿದಿದ್ದ ಆಸೆಯೆಲ್ಲ ಅವಳು ಕಡೆಯದಾಗಿ ಮಾಡಿದ ಮೀನಿನ ಸಿನಿಮಾದ ಮೇಲೆ.

ಆ ಚಿತ್ರದಲ್ಲಿ ನೊರೆ ತುಂಬಿದ ಕೆರೆಯಿಂದ ಬಸ್ಸಿನಷ್ಟು ಉದ್ದದ ಮೀಸೆಮೀನೊಂದು ಎದ್ದುಬಂದು ಊರನ್ನು ನುಂಗುತ್ತದೆ. ಕೆರೆ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸಿಗೆ ಲತಾಳ ದನಿ. 'ಅಯ್ಯೋ, ನೀರೊಳಗೆ ಏನೋ ಐತೆ, ಓಡ್ರಪ್ಪೋ' ಎಂಬ ಇಡೀ ಒಂದು ಸಾಲು, ಅದರ ಬೆನ್ನಿಗೇ ಒಂದು ಉದ್ದನೆಯ ಚೀರಾಟ. ಚೀರಾಟ ಒಂದೇ ಸಲಕ್ಕೆ ಓಕೆ ಆಗಿ, ಗಾಜಿನಾಚೆ ಕೂತಿದ್ದ ರೆಕಾರ್ಡಿಂಗಿನವರು ಎದ್ದುನಿಂತು ಕೈಮುಗಿದಿದ್ದರು. ಅಂದಿನಿಂದ ಲತಾ ತನ್ನನ್ನು ದೊಡ್ಡ ಕಲಾವಿದೆ ಎಂದೇ ತಿಳಿದುಕೊಂಡಿದ್ದಳು. ಕೇಳಿದವರಿಗೂ ಕೇಳದವರಿಗೂ ಅವಳು ಆ ಕಥೆ ಹೇಳಿ ಹೇಳಿ, ಕೊನೆಗೆ ಮೇಲಿನ ಮನೆಯ ಬಾಡಿಗೆಯ ಗುರುದೇವಿ ಮೆಟ್ಟಿಲಿಳಿಯುವಾಗ ಚಪ್ಪಲಿ ಸದ್ದಾಗದಂತೆ ಹೋಗುವುದನ್ನು ಕಲಿತಿದ್ದಳು.

ಚಿತ್ರ ಥಿಯೇಟರಿನಲ್ಲಿ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಮೊನ್ನೆ ಮಗಳು ದಿವ್ಯ ಅದನ್ನು ನೆಟ್ಟಿನಲ್ಲಿ ಹುಡುಕಿ ತೆಗೆದಳು. ಒಂದಲ್ಲ, ಎರಡು. ಒಂದು ನಮ್ಮ ಕನ್ನಡದ್ದು, ಇನ್ನೊಂದು ಥಾಯ್ಲೆಂಡಿನವರು ಕೊಂಡು ಕತ್ತರಿಸಿ ಮರುಜೋಡಿಸಿದ್ದು. ಭಾನುವಾರ ಲತಾ ಅವರೆಕಾಳಿನ ಉಪ್ಪಿಟ್ಟು ಮಾಡಿ, ಗುರುದೇವಿಯನ್ನು ಹಿಡಿದು ತಂದು ಕೂರಿಸಿ, ಅತ್ತೆಯ ಕುರ್ಚಿಯನ್ನು ಟಿವಿಯ ಬಳಿಗೇ ಎಳೆದಳು.

ಕನ್ನಡದ್ದರಲ್ಲಿ ಹಾಡು ಬಂತು, ಕುಣಿತ ಬಂತು, ನಾಯಕ ಇಬ್ಬರನ್ನು ಪ್ರೀತಿಸಿದ. ಮೀನು ಬರುವಷ್ಟರಲ್ಲಿ ಉಪ್ಪಿಟ್ಟು ಮುಗಿದಿತ್ತು. ಬಂತು ನೋಡಿ ಕೆರೆ ದಂಡೆ ಎಂದು ಲತಾ ಉಸಿರು ಬಿಗಿಹಿಡಿದಳು. ಆ ಹೆಂಗಸು ಬಾಯಿ ತೆರೆದದ್ದೇ ತಡ, ಡೊಳ್ಳು, ತಮಟೆ, ಕಹಳೆ ಎಲ್ಲ ಒಟ್ಟಿಗೆ ಮೇಲೆ ಬಿದ್ದವು. ಸಾಲೂ ಹೋಯಿತು, ಚೀರಾಟವೂ ಹೋಯಿತು. ನೀನೆಲ್ಲಿ ಎಂದು ಪಾಪಮ್ಮ ಕೇಳಿದರು. ಈಗ ಬಂದು ಹೋದೆ ಎಂದು ಹೇಳುವಾಗ ಲತಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಗುರುದೇವಿ ಮಾತ್ರ ದೊಡ್ಡ ಮನಸ್ಸು ಮಾಡಿ, "ಬಾಯಿ ತಗದದ್ದರ ಛೊಲೊ ಕಾಣಸ್ತ್ರಿ ಅಕ್ಕಾರ" ಎಂದಳು. ಆ ಬಾಯಿಯೂ ತನ್ನದಲ್ಲವಲ್ಲ ಎಂದು ಲತಾ ತುಟಿ ಕಚ್ಚಿಕೊಂಡಳು.

ಥಾಯ್‌ನವರದನ್ನು ಅವಳು ಹಾಕಿಸಿದ್ದು ಹಟಕ್ಕೆ. ಅವರು ಹಾಡು ಕಿತ್ತಿದ್ದರು, ಇಬ್ಬರೂ ಪ್ರೇಯಸಿಯರನ್ನು ಕಿತ್ತಿದ್ದರು, ನಾಯಕನನ್ನೇ ಅರ್ಧ ಕಿತ್ತು, ಅವನ ಜಾಗದಲ್ಲಿ ನಕ್ಷೆ ನೋಡುತ್ತ ಕೂರುವ ತಮ್ಮ ವಿಜ್ಞಾನಿಯೊಬ್ಬನನ್ನು ತುರುಕಿದ್ದರು. ಪಂಚೆಯುಟ್ಟ ನಮ್ಮ ಪಂಚಾಯ್ತಿಯವರು ಥಾಯ್ ಮಾತಾಡುತ್ತಿದ್ದರು. ಕೆರೆ ದಂಡೆಯ ಹೆಂಗಸಿಗೂ ಯಾರೋ ಥಾಯ್‌ನವಳ ದನಿ, ಚೀರುವ ಮೊದಲೇ ದೃಶ್ಯಕ್ಕೆ ಕತ್ತರಿ. ಬೇರೆ ಭಾಷೆಗೆ ಮಾಡುವಾಗ ಮಾತನ್ನೂ ಸಂಗೀತವನ್ನೂ ತೆಗೆದು, ಗುಡುಗುವುದು, ನಾಯಿ ಬೊಗಳುವುದು, ಬಾಗಿಲು ಕಿರುಗುಟ್ಟುವುದು ಇಂಥ ಸದ್ದುಗಳನ್ನಷ್ಟೇ ಹಾಗೇ ಉಳಿಸಿಕೊಳ್ಳುತ್ತಾರೆ ಎಂದು ದಿವ್ಯ ಓದಿಕೊಂಡದ್ದನ್ನು ಹೇಳಿದಳು. ಹಾಗಾದರೆ ನಾಯಿಗೆ ಇರುವ ಬೆಲೆಯೂ ನನಗಿಲ್ಲ ಎಂದು ಲತಾ ತಟ್ಟೆಗಳನ್ನು ಎತ್ತಿಕೊಂಡು ಎದ್ದಳು.

ಕೊನೆಯಲ್ಲಿ ಸೈನ್ಯ ಬಂದು ಮೀನಿಗೆ ಗುಂಡಿಕ್ಕಿತು. ಕನ್ನಡದ್ದರಲ್ಲಿ ಅಲ್ಲೊಂದು ಕಹಳೆ ಊದಿತ್ತು. ಇಲ್ಲಿ ಏನೂ ಇಲ್ಲ, ಬರೀ ಗಾಳಿ. ಮೀನು ಮೀಸೆ ನಡುಗಿಸುತ್ತ ಬಾಯಿ ತೆರೆಯಿತು. ಆ ಬಾಯೊಳಗಿಂದ ಲತಾ ಚೀರಿದಳು.

ಅಡುಗೆಮನೆ ಬಾಗಿಲಲ್ಲಿದ್ದ ಲತಾ ತಟ್ಟೆ ಸಮೇತ ಓಡಿಬಂದಳು. "ನಾನು ಕಣೇ ದಿವ್ಯ, ಮೀನಿಗೆ ನನ್ನನ್ನ ಹಾಕವ್ರೆ!" ಚೀರಾಟವನ್ನು ಮಾತಿಗಲ್ಲ, ಸದ್ದುಗಳ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ ಎಂದು ದಿವ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗುರುದೇವಿಗೆ ಕಣ್ಣಲ್ಲಿ ನೀರೇ ಬಂತು. ನಾಯಕಿ ಆಗಲಿಲ್ಲ, ನಾಯಕಿಯ ತಾಯಿ ಆಗಲಿಲ್ಲ, ಕಟ್ಟಕಡೆಗೆ ಮೀನಾದೆನಲ್ಲ ಎಂದು ಲತಾ ನಗುತ್ತಲೇ ಅತ್ತೆಯ ಕಡೆ ತಿರುಗಿದಳು.

ಪಾಪಮ್ಮ ನಕ್ಕಿರಲಿಲ್ಲ. ಕುರ್ಚಿಯ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದರು.

"ಇದು ನೀನೇ" ಎಂದರು. "ಸಂಪತ್ ಹೋದ ದಿವ್ಸ ನಂಗೆ ಯಾರೂ ಬಂದು ಹೇಳ್ಲಿಲ್ಲ. ಹೊರಗಡೆ ಬಿಸಿಲಿಗೆ ಕೂತಿದ್ದೆ. ಒಳಗಿಂದ ಈ ಕೂಗು ಕೇಳಿಸ್ತು. ಮಗ ಹೋದ ಅಂತ ಗೊತ್ತಾಯ್ತು" ಎಂದರು.

ದಿವ್ಯ ಟಿವಿ ಆರಿಸಿದಳು. ಗುರುದೇವಿ ಸೆರಗಿನಿಂದ ಮುಖ ಒರೆಸಿಕೊಂಡು ತಲೆ ತಗ್ಗಿಸಿ ಕೂತಳು. ಲತಾಳ ಕೈಯ ತಟ್ಟೆಗಳು ಕೈಯಲ್ಲೇ ಇದ್ದವು. ಆ ಕೂಗನ್ನು ಕಲೆ ಎಂದುಕೊಂಡಿದ್ದಳಲ್ಲ, ಕೈಮುಗಿದರು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದಳಲ್ಲ. ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

"ಅದನ್ನ ತಗೊಂಡೋಗಿ ಅವ್ರಿಗ್ಯಾಕೆ ಕೊಟ್ಟೆ?" ಪಾಪಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ.

"ಕೊಡ್ಬೇಕು ಅಂತ ಕೊಡ್ಲಿಲ್ಲ ಅತ್ತೆ" ಎಂದಳು ಲತಾ. "ಕೂಗಮ್ಮ ಅಂದ್ರು. ಬಾಯಿಬಿಟ್ಟೆ, ಅದೇ ಬಂತು."

ಪಾಪಮ್ಮ ತಡಕಾಡಿ ಸೊಸೆಯ ಮೊಣಕೈ ಹಿಡಿದು, ಪಕ್ಕಕ್ಕೆ ಎಳೆದು ಕೂರಿಸಿಕೊಂಡರು.