ಆರನೇ ಟ್ಯಾಂಕಿನ ನಾಲ್ಕು ಮಿಲಿಮೀಟರ್

ಹನ್ನೆರಡು ಟ್ಯಾಂಕುಗಳ ಆ ಯಾರ್ಡಿನಲ್ಲಿ ಆಕೆಯದು ನೋಡುವ ಕೆಲಸ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರೂವರೆಯವರೆಗೆ ಒಂದು ಪರದೆಯ ಮುಂದೆ ಕೂರಬೇಕು. ಪರದೆಯಲ್ಲಿ ಹನ್ನೆರಡು ನೀಲಿ ಕಂಬಗಳು. ಒಂದೊಂದರ ಕೆಳಗೂ ಒಂದು ಸಂಖ್ಯೆ, ಆ ಟ್ಯಾಂಕಿನೊಳಗಿನ ದ್ರವದ ಎತ್ತರ. ಟ್ಯಾಂಕುಗಳ ಚಾವಣಿಯ ಮೇಲೆ ಬೋರಲು ಹಾಕಿದ ಚೊಂಬಿನಂಥ ಸೆನ್ಸರುಗಳಿವೆ. ಅವು ಕೆಳಕ್ಕೆ ಅಲೆ ಕಳಿಸುತ್ತವೆ. ಅಲೆ ದ್ರವಕ್ಕೆ ತಾಗಿ ವಾಪಸು ಬರಲು ಹಿಡಿದ ಹೊತ್ತಿನಿಂದ ದೂರ ಅಳೆಯುತ್ತವೆ. ಬೀಗ ಹಾಕಿದ ಟ್ಯಾಂಕಿನ ಮಟ್ಟ ಮೂರು ಮಿಲಿಮೀಟರಿಗಿಂತ ಹೆಚ್ಚು ಕದಲಿದರೆ ಆಕೆ ಷರಾ ಕಾಲಮ್ಮಿನಲ್ಲಿ ಬರೆಯಬೇಕು. ಒಂದೇ ದಿನದಲ್ಲಿ ಹತ್ತು ಕದಲಿದರೆ ಯಂತ್ರವೇ ಕೂಗಿಕೊಳ್ಳುತ್ತದೆ.

ಐದು ವರ್ಷದ ಹಿಂದೆ ಅಲ್ಲಿ ಸೆನ್ಸರ್ ಇರಲಿಲ್ಲ. ಆಕೆಯ ಗಂಡ ಇದ್ದ.

ದಿನಕ್ಕೆ ಎರಡು ಬಾರಿ ಅವನು ಹನ್ನೆರಡೂ ಟ್ಯಾಂಕು ಹತ್ತುತ್ತಿದ್ದ. ಚಾವಣಿಯ ಅಂಚಿನ ಮುಚ್ಚಳ ತೆಗೆದು, ತುದಿಗೆ ಹಿತ್ತಾಳೆ ಗುಂಡು ಕಟ್ಟಿದ ಉಕ್ಕಿನ ಟೇಪನ್ನು ಒಳಕ್ಕೆ ಬಿಟ್ಟು, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದ. ಅಳೆಯುವುದು ಎಂಬ ಮಾತು ಅವನ ಬಾಯಲ್ಲಿ ಬರುತ್ತಿರಲಿಲ್ಲ. "ಮಾತಾಡಿಸಿ ಬರ್ತೀನಿ" ಅನ್ನುತ್ತಿದ್ದ, ಊರ ಕಡೆಯ ನೆಂಟರನ್ನು ನೋಡಿಬರುವವನ ಹಾಗೆ. ಮನೆಯಲ್ಲೂ ಅದೇ ಮಾತು. "ಇವತ್ತು ಎಲ್ಲರನ್ನೂ ಮಾತಾಡಿಸಿದ್ದಾಯ್ತಮ್ಮ, ನಿನ್ನೊಬ್ಬಳನ್ನ ಬಿಟ್ಟು" ಎಂದು ತಾಯಿಯನ್ನು ರೇಗಿಸುತ್ತಿದ್ದ.

ಬಿಸಿಲು ಕಾಯುತ್ತಿದ್ದ ಒಂದು ಮಧ್ಯಾಹ್ನ, ಮೂರು ನಲವತ್ತರ ಸುಮಾರಿಗೆ, ಆರನೇ ಟ್ಯಾಂಕಿನ ಮೇಲೆ ಅವನ ಎದೆಬಡಿತ ನಿಂತಿತು. ಜನ ಮೇಲೆ ಹೋಗಿ ನೋಡಿದಾಗ ಅವನು ಕಟಕಟೆಗೆ ಒರಗಿ ಕೂತಿದ್ದ. ಮುಚ್ಚಳ ತೆರೆದಿತ್ತು, ಟೇಪು ಇನ್ನೂ ಒಳಗೇ ಇಳಿಬಿದ್ದಿತ್ತು. ಆ ದಿನದ ಪುಸ್ತಕದಲ್ಲಿ ಐದನೇ ಟ್ಯಾಂಕಿನವರೆಗೆ ಅವನ ಕೈಬರಹ ಇದೆ, ಮುಂದಿನದೆಲ್ಲ ಖಾಲಿ.

ಮರುವರ್ಷ ಸೆನ್ಸರುಗಳು ಬಂದವು, ಹತ್ತುವ ಕೆಲಸ ಹೋಯಿತು. ನೋಡುವ ಕೆಲಸವನ್ನು ಯಾರ್ಡಿನವರು ಅವನ ಹೆಂಡತಿಗೆ ಕೊಟ್ಟರು.

ಎರಡನೇ ವಾರದಲ್ಲೇ ಆಕೆ ಅದನ್ನು ಗಮನಿಸಿದಳು. ಮೂರೂವರೆ ದಾಟುತ್ತಿದ್ದಂತೆ ಆರನೇ ಟ್ಯಾಂಕಿನ ಸಂಖ್ಯೆ ಇಳಿಯುತ್ತಿತ್ತು. ಒಂದು, ಎರಡು, ಮೂರು ನಲವತ್ತಕ್ಕೆ ಸರಿಯಾಗಿ ನಾಲ್ಕು. ಆರು ಗಂಟೆಯ ಹೊತ್ತಿಗೆ ಮೊದಲಿನಷ್ಟೇ. ಕೊಳವೆಗಳಿಗೆಲ್ಲ ಬೀಗ, ಯಾರೂ ಹನಿ ತೆಗೆದಿಲ್ಲ, ಹನಿ ಹಾಕಿಲ್ಲ. ಉಳಿದ ಹನ್ನೊಂದು ಟ್ಯಾಂಕುಗಳು ಮಿಸುಕುತ್ತಿರಲಿಲ್ಲ. ಮೋಡ ಕವಿದ ದಿನ ಆರನೆಯದೂ ಮಿಸುಕುತ್ತಿರಲಿಲ್ಲ. ಮೋಡದ ದಿನ ಸಿಡಿಲಿನ ಭಯಕ್ಕೆ ಟ್ಯಾಂಕು ಹತ್ತಕೂಡದು ಎಂಬುದು ಯಾರ್ಡಿನ ಹಳೆಯ ನಿಯಮ. ಗಂಡ ಅದನ್ನು ಮೀರಿದವನಲ್ಲ.

ಆಕೆ ಮನೆಗೆ ಹೋಗಿ ಅತ್ತೆಗೆ ಹೇಳಿದಳು. ನಗುತ್ತಾರೆ ಅಂದುಕೊಂಡಿದ್ದಳು. ಅತ್ತೆ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ, "ಬದುಕಿದ್ದಾಗ ಒಂದು ದಿನ ಹೊತ್ತಿಗೆ ಸರಿಯಾಗಿ ಮನೆಗೆ ಬಂದೋನಲ್ಲ. ಈಗ ನೋಡು, ಗಡಿಯಾರ" ಅಂದರು.

ಅಂದಿನಿಂದ ಆಕೆ ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಪ್ರಶ್ನೆ ಬರುತ್ತಿತ್ತು: "ಮಾತಾಡಿಸಿದ್ನಾ?"

"ಮಾತಾಡಿಸಿದ್ರು ಅತ್ತೆ."

"ಎಷ್ಟು?"

"ನಾಲ್ಕು."

ಅಷ್ಟಾದ ಮೇಲೆ ಇಬ್ಬರೂ ಊಟಕ್ಕೆ ಕೂರುತ್ತಿದ್ದರು. ಷರಾ ಕಾಲಮ್ಮಿನಲ್ಲಿ ಆರನೇ ಟ್ಯಾಂಕಿನ ಎದುರು ಆಕೆ ನಾಲ್ಕು ವರ್ಷವೂ ಬರೆದದ್ದು ಒಂದೇ: ಸರಿ ಇದೆ.

ಕಳೆದ ಬೇಸಿಗೆಯ ಕೊನೆಯ ಒಂದು ಸೋಮವಾರ ಮಟ್ಟ ಎಂದಿನ ಹೊತ್ತಿಗೆ ಇಳಿಯಿತು, ಆರು ಗಂಟೆಗೆ ಮೊದಲಿನಷ್ಟಕ್ಕೆ ಬರಲಿಲ್ಲ, ನಾಲ್ಕು ಕೆಳಗೇ ನಿಂತಿತ್ತು. ಆರೂವರೆಗೂ ಬರಲಿಲ್ಲ. ಆಕೆ ಇನ್ನೂ ಅರ್ಧ ಗಂಟೆ ಕಾದಳು. ಮಂಗಳವಾರ ಸಂಜೆಗೆ ಮತ್ತೆ ನಾಲ್ಕು ಕೆಳಗೆ. ಒಟ್ಟು ಎಂಟು. ದಿನಕ್ಕೆ ಹತ್ತಾಗದ ಕಾರಣ ಯಂತ್ರ ಸುಮ್ಮನಿತ್ತು.

ಆ ವಾರ ಅತ್ತೆ ಜ್ವರದಿಂದ ಮಲಗಿದ್ದರು. ಆಕೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತ, ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು: "ಬಂದ್ರು ಅತ್ತೆ. ಎರಡು ದಿನದಿಂದ ವಾಪಸು ಹೋಗಿಲ್ಲ."

ಅತ್ತೆ ಹಣೆಯ ಬಟ್ಟೆ ಸರಿಸಿದರು. "ನನ್ನನ್ನ ಕರ್ಕೊಂಡು ಹೋಗೋಕೆ ನಿಂತಿದಾನೆ ಕಣೇ" ಅಂದರು. ಹೆದರಿಕೆ ಇರಲಿಲ್ಲ ದನಿಯಲ್ಲಿ. "ಆ ಕಪಾಟಿನ ಬೀಗದ ಕೈ ಎಲ್ಲಿದೆ ಗೊತ್ತಲ್ಲ ನಿಂಗೆ?"

"ಸುಮ್ನೆ ಮಲಕ್ಕೊಳಿ ಅತ್ತೆ."

"ಮಲಗೇ ಇದೀನಲ್ಲ."

ಬುಧವಾರ ಬೆಳಿಗ್ಗೆಯಿಂದಲೇ ಮೋಡ. ಬಿಸಿಲಿನ ಗೆರೆ ಇಲ್ಲ. ಆಕೆ ಬೇರೆ ಟ್ಯಾಂಕುಗಳನ್ನು ನೋಡುವುದನ್ನೇ ಬಿಟ್ಟು ಆರನೆಯದರ ಮುಂದೆ ಕೂತಳು. ಇಂಥ ದಿನ ಅದು ಕದಲಬಾರದು. ಒಂಬತ್ತರಿಂದ ಹನ್ನೊಂದಕ್ಕೆ ಅದು ಸ್ವಲ್ಪ ಇಳಿಯಿತು. ಊಟದ ಹೊತ್ತಿಗೆ ಇನ್ನಷ್ಟು. ಹೊತ್ತು ಗೊತ್ತಿಲ್ಲದೆ, ಒಂದೇ ಸಮನೆ, ನಿಧಾನವಾಗಿ ಇಳಿಯುತ್ತಿತ್ತು. ಮೋಡದ ದಿನ ಅವನು ಹತ್ತುವುದಿಲ್ಲ. ಹಾಗಾದರೆ ಇದು ಅವನಲ್ಲ.

ಆಕೆ ಎದ್ದು ಮೇಲ್ವಿಚಾರಕರ ಕೋಣೆಗೆ ಹೋದಳು.

"ಸಾರ್, ಆರು ಸೋರ್ತಾ ಇದೆ."

ಅವರು ಕನ್ನಡಕ ಮೇಲಕ್ಕೆ ತಳ್ಳಿದರು. "ಅಲಾರಂ ಬರ್ಲಿಲ್ವಲ್ಲಮ್ಮ."

"ಬರಲ್ಲ ಸಾರ್. ದಿನಕ್ಕೆ ನಾಲ್ಕು ನಾಲ್ಕೇ ಹೋಗ್ತಿದೆ. ಮೂರು ದಿನ ಆಯ್ತು."

"ಮೂರು ದಿನ? ಷರಾದಲ್ಲಿ ಸರಿ ಇದೆ ಅಂತ ಬರ್ದಿದೀಯ. ನಿನ್ನೆ ಯಾಕೆ ಹೇಳ್ಲಿಲ್ಲ?"

"ನಮ್ಮನೆಯವರು ಅಂದ್ಕೊಂಡೆ."

ಮೇಲ್ವಿಚಾರಕರು ಹದಿನೆಂಟು ವರ್ಷ ಅವನೊಂದಿಗೆ ಕೆಲಸ ಮಾಡಿದ್ದವರು. ಅವರು ಟಾರ್ಚು ತೆಗೆದುಕೊಂಡು ಹೊರಟರು.

ಆರನೇ ಟ್ಯಾಂಕಿನಲ್ಲಿದ್ದದ್ದು ಬಣ್ಣದ ಕಾರ್ಖಾನೆಗಳಿಗೆ ಹೋಗುವ ದ್ರಾವಕ, ಕಿಡಿ ಸೋಕಿದರೆ ಹತ್ತಿಕೊಳ್ಳುವಂಥದು. ಒಂದು ಮಿಲಿಮೀಟರ್ ಎಂದರೆ ಎಂಬತ್ತು ಲೀಟರಿನ ಹತ್ತಿರ. ತಳದ ಕೊಳವೆಯ ಒಂದು ಜೋಡಣೆ ಬಿರುಕು ಬಿಟ್ಟು, ಜಲ್ಲಿಯ ಕೆಳಗೇ ಹರಿದು, ಮೂರು ದಿನದ ದ್ರಾವಕ ಮಳೆನೀರಿನ ಗುಂಡಿ ಸೇರಿತ್ತು. ಮೇಲೆ ಒದ್ದೆ ಕಾಣುತ್ತಿರಲಿಲ್ಲ. ಆ ಗುಂಡಿಯ ಕಬ್ಬಿಣದ ಜಾಲರಿ ಮುರಿದಿತ್ತು. ಗುರುವಾರ ಬೆಳಿಗ್ಗೆ ಎಂಟಕ್ಕೆ ವೆಲ್ಡಿಂಗ್‌ನವರು ಇಬ್ಬರು ಬಂದು ಅದನ್ನು ಬೆಸೆಯಬೇಕಿತ್ತು. ಅವರ ಗ್ಯಾಸ್ ಸಿಲಿಂಡರುಗಳು ಆಗಲೇ ಗೇಟಿನ ಬಳಿ ಬಂದು ನಿಂತಿದ್ದವು. ಅವುಗಳನ್ನು ವಾಪಸು ಕಳಿಸಲಾಯಿತು.

ವಾರದ ನಂತರ ಸೆನ್ಸರ್ ಕಂಪನಿಯ ತಂತ್ರಜ್ಞ ಬಂದ. ನಲವತ್ತರ ಆಸುಪಾಸಿನ ಮಿತಭಾಷಿ. ನಾಲ್ಕು ವರ್ಷದ ದಾಖಲೆ ತೆಗೆದು ನೋಡಿ, ಅರ್ಧ ಗಂಟೆ ಆರನೇ ಟ್ಯಾಂಕಿನ ಮೇಲಿದ್ದು ಇಳಿದ. ಅಂಚಿನಲ್ಲಿ ಹಳೆಯ ಅಳತೆಯ ಮುಚ್ಚಳವನ್ನು ಹಾಗೇ ಉಳಿಸಿಕೊಂಡಿದ್ದರಿಂದ ಈ ಒಂದು ಟ್ಯಾಂಕಿನ ಸೆನ್ಸರನ್ನು ಚಾವಣಿಯ ನಡುವೆ ಕೂರಿಸಿದ್ದರು; ಉಳಿದವುಗಳಲ್ಲಿ ಅದು ಮುಚ್ಚಳದ ಜಾಗದಲ್ಲೇ, ಅಂಚಿನಲ್ಲಿತ್ತು. ಪಡುವಣ ಬಿಸಿಲಿಗೆ ತಗಡು ಉಬ್ಬುತ್ತದೆ, ನಡುವೆ ಹೆಚ್ಚು ಉಬ್ಬುತ್ತದೆ, ಜೊತೆಗೆ ಸೆನ್ಸರೂ ಮೇಲೇಳುತ್ತದೆ. ದೂರ ಹೆಚ್ಚಾದದ್ದನ್ನು ಅದು ದ್ರವ ಇಳಿಯಿತು ಎಂದು ತಿಳಿಯುತ್ತದೆ. "ಬಿಸಿಲಿನ ಲೆಕ್ಕ ಕಳೆದು ತೋರ್ಸೋ ಹಾಗೆ ಮಾಡಿದ್ರೆ ದಾಖಲೆಯ ಗೆರೆ ನೆಟ್ಟಗಾಗುತ್ತೆ. ನೋಡೋರು ಸಹಿ ಹಾಕಿ ಕೊಡ್ಬೇಕು" ಎಂದು ಒಂದು ಹಾಳೆ ಮುಂದಿಟ್ಟ.

ಆಕೆ ಹಾಳೆ ಓದಿದಳು. "ಆಮೇಲೆ ಚಾವಣಿ ಉಬ್ಬಲ್ವಾ?"

"ಉಬ್ಬುತ್ತಮ್ಮ. ಅದನ್ನ ಯಾರು ನಿಲ್ಸಕ್ಕಾಗುತ್ತೆ? ನಿಮ್ಗೆ ಕಾಣಲ್ಲ, ಅಷ್ಟೆ."

ಆಕೆ ಕೂಡಲೇ ಸಹಿ ಹಾಕಲಿಲ್ಲ. ಆ ಬುಧವಾರ ಮೋಡವಿಲ್ಲದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಬಂತು. ಮೂರು ನಲವತ್ತಕ್ಕೆ ನಾಲ್ಕು ಇಳಿಯುತ್ತಿತ್ತು, ತಾನು ಸರಿ ಇದೆ ಎಂದು ಬರೆಯುತ್ತಿದ್ದಳು, ಗುರುವಾರ ಬೆಳಗಾಗುತ್ತಿತ್ತು. ತಂತ್ರಜ್ಞ ಪೆನ್ನು ಹಿಡಿದೇ ನಿಂತಿದ್ದ. ಆಕೆ ಸಹಿ ಹಾಕಿದಳು.

ಮನೆಯಲ್ಲಿ ಜ್ವರ ಬಿಟ್ಟು ಎದ್ದು ಕೂತಿದ್ದ ಅತ್ತೆ ಎಂದಿನಂತೆ ಕೇಳಿದರು.

"ಇಲ್ಲ ಅತ್ತೆ. ಇನ್ಮೇಲೆ ಬರಲ್ಲ."

"ನೀನೇ ಕಳಿಸ್ದ್ಯಾ?"

"ಹೂಂ. ಸಹಿ ಹಾಕ್ದೆ."

ವೆಲ್ಡಿಂಗ್‌ನವರ ವಿಷಯ, ಗುಂಡಿಯ ವಿಷಯ, ಬಿಸಿಲಿನ ವಿಷಯ ಎಲ್ಲವನ್ನೂ ಆಕೆ ಹೇಳಿದಳು. ಕಾಣದಿದ್ದರೂ ಚಾವಣಿ ಉಬ್ಬುತ್ತಲೇ ಇರುತ್ತದೆ ಎಂಬ ತಂತ್ರಜ್ಞನ ಕೊನೆಯ ಮಾತೊಂದನ್ನು ಹೇಳಲಿಲ್ಲ. ಹೇಳಿದರೆ ನಾಳೆಯೂ ಕೇಳುತ್ತಾರೆ, ನಾಡಿದ್ದೂ ಕೇಳುತ್ತಾರೆ. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಎಂಟು ದಿನ ಸೊಸೆಯೊಂದಿಗೆ ಮಾತಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಿದ್ದರು, ಮಾತ್ರೆ ಕೊಟ್ಟರೆ ನುಂಗುತ್ತಿದ್ದರು. ಯಾರ್ಡಿನಲ್ಲಿ ಆರನೇ ಟ್ಯಾಂಕಿನ ಗೆರೆ ಬೆಳಗಿನಿಂದ ಸಂಜೆಯವರೆಗೆ ದಾರ ಎಳೆದ ಹಾಗಿತ್ತು. ಮೂರು ನಲವತ್ತಕ್ಕೆ ಹೊರಗಿನಿಂದ ತಗಡು ಕಾದು ಟಣ್ಣೆನ್ನುವುದು ಮಾತ್ರ ಆಕೆಗೆ ಕೇಳುತ್ತಿತ್ತು. ಅದು ಮೊದಲೂ ಕೇಳುತ್ತಿತ್ತೋ ಇಲ್ಲವೋ, ಆಕೆಗೆ ನೆನಪಾಗಲಿಲ್ಲ.

ಒಂಬತ್ತನೇ ದಿನ ಊಟದ ನಡುವೆ ಅತ್ತೆ ಕೇಳಿದರು: "ಆ ವೆಲ್ಡಿಂಗ್‌ನೋರಿಗೆ ತಾಯಿ ಇದಾರೇನೇ?"

"ಒಬ್ಬನಿಗೆ ಇದಾರಂತೆ."

ಅತ್ತೆ ಇನ್ನೆರಡು ತುತ್ತು ಉಂಡು, ತಟ್ಟೆ ತಾವೇ ಎತ್ತಿಕೊಂಡು ಒಳಗೆ ಹೋದರು.