ಸಿಪ್ಪೆ ಇರುವ ಹಣ್ಣು

ನನಗೆ ಅಲ್ಸರ್ ಇಲ್ಲ. ಯಾವತ್ತೂ ಇರಲಿಲ್ಲ. ಕಲ್ಲು ತಿಂದರೂ ಕರಗಿಸುವ ಹೊಟ್ಟೆ ನನ್ನದು. ಆದರೂ ಚಾಮರಾಜಪೇಟೆಯ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಹದಿನೆಂಟು ವರ್ಷ ಅಲ್ಸರ್ ರೋಗಿಯಾಗಿ ಬಾಳಿದ್ದೇನೆ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ. ಆಗಲಿ, ಆಗಬೇಕಾದದ್ದೇ.

ಆ ರೋಗ ಹುಟ್ಟಿದ್ದು ಗಣಿತದ ಮೇಡಂ ನಮ್ಮ ಶಾಲೆಗೆ ಬಂದ ವಾರ. ನಾನು ಕನ್ನಡದ ಟೀಚರು. ಊಟದ ಬೆಲ್ ಹೊಡೆದ ಮೇಲೆ ಎಲ್ಲರೂ ಡಬ್ಬಿ ಬಿಚ್ಚಿ, ಅವರದ್ದು ಇವರಿಗೆ ಇವರದ್ದು ಅವರಿಗೆ ಹಂಚಿಕೊಂಡು ತಿನ್ನುವುದು ನಮ್ಮಲ್ಲಿ ರೂಢಿ. ಪಕ್ಕದ ಕುರ್ಚಿಯಲ್ಲಿ ಕೂತ ಆ ಮೇಡಂ ಡಬ್ಬಿಯ ಮುಚ್ಚಳದಲ್ಲಿ ಒಂದು ಚಪಾತಿ, ಒಂದಿಷ್ಟು ಮೆಂತ್ಯದ ಪಲ್ಯ ಇಟ್ಟು ನನ್ನ ಕಡೆ ಸರಿಸಿದರು. ಅವರದು ಬೌದ್ಧರ ಮನೆತನ. ಅವರ ತಾತ ಯಾವ ಕೇರಿಯವರು, ಏನು ಕೆಲಸ ಮಾಡುತ್ತಿದ್ದರು ಎಂಬುದೆಲ್ಲ ಅವರು ಸೇರುವ ಮೊದಲೇ ಸ್ಟಾಫ್ ರೂಮಿಗೆ ಗೊತ್ತಾಗಿತ್ತು. ನನ್ನ ಕೈ ಮುಂದೆ ಹೋಗಲಿಲ್ಲ. ಹಾಳು ಬಾಯಿ ಮಾತ್ರ ತಾನಾಗಿಯೇ ಆಡಿತು. ನನಗೆ ಅಲ್ಸರ್, ಮನೆ ಊಟ ಬಿಟ್ಟು ಬೇರೇನೂ ಮುಟ್ಟಬೇಡಿ ಎಂದಿದ್ದಾರೆ ಡಾಕ್ಟರು, ಖಾರವಂತೂ ವಿಷ ಎಂದೆ. ಅವರು ಪಾಪ ಎಂದು ಮುಚ್ಚಳ ಹಿಂದಕ್ಕೆ ತೆಗೆದುಕೊಂಡರು.

ಆಮೇಲೆ ನನ್ನ ಪುಳಿಯೋಗರೆ ಅವರ ಡಬ್ಬಿಗೆ ಹೋಗುತ್ತಿತ್ತು, ಅವರದ್ದು ನನ್ನ ಡಬ್ಬಿಗೆ ಬರುತ್ತಿರಲಿಲ್ಲ. ಕೊಡುವಾಗ ನನ್ನ ಮನಸ್ಸು ಎಷ್ಟು ದೊಡ್ಡದು ಎಂದು ನನಗೇ ಖುಷಿ. ತರಗತಿಯಲ್ಲಿ ಜಾತಿಯ ಬಗ್ಗೆ ಗಂಟಲು ಹರಿಯುವ ಹಾಗೆ ಪಾಠ ಮಾಡಿ ಬಂದು, ಇಲ್ಲಿ ಕೈ ಹಿಂದೆ ಸರಿಸಿ ಕೂರುತ್ತಿದ್ದೆ. ಮಲ್ಲೇಶ್ವರದ ಹೋಟೆಲುಗಳ ಮಸಾಲೆ ದೋಸೆಗೆ ಮಾತ್ರ ಈ ಅಲ್ಸರ್ ಯಾವತ್ತೂ ಅಡ್ಡ ಬರಲಿಲ್ಲ.

ಅವರು ವೈಯಾಲಿಕಾವಲ್‌ನಲ್ಲಿ ಸ್ವಂತ ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಹೋಗಿದ್ದೆ. ನಡುಮನೆಯ ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ನೀಲಿ ಕೋಟಿನವರು. ಎಲ್ಲರೂ ಎಲೆಯ ಮುಂದೆ ಕೂತರು. ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೆ. ಬರಿಗೈಯಲ್ಲಿ ಕಳಿಸಬಾರದು ಎಂದು ಅವರು ನಾಲ್ಕು ಏಲಕ್ಕಿ ಬಾಳೆಹಣ್ಣು ಕೊಟ್ಟರು. ಅದನ್ನು ಅಲ್ಲೇ ತಿಂದೆ. ಸಿಪ್ಪೆ ಇರುವ ಹಣ್ಣಿಗೆ ಮೈಲಿಗೆ ಇಲ್ಲ, ಯಾರ ಮನೆಯದಾದರೂ ತಿನ್ನಬಹುದು ಎಂಬುದು ಅಜ್ಜಿಯ ಕಾಲದಿಂದ ನಮ್ಮ ಮನೆಯ ಕಾನೂನು. ಅವರಿಗೆ ಆ ಕಾನೂನು ಗೊತ್ತಿತ್ತೋ ಇಲ್ಲವೋ, ಬಾಳೆಹಣ್ಣು ನನ್ನ ಹೊಟ್ಟೆಗೆ ಒಗ್ಗುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರು. ಅಂದಿನಿಂದ ನಾನು ಯಾವಾಗ ಹೋದರೂ ಬಾಳೆಹಣ್ಣು.

ಅವರ ಒಬ್ಬಳೇ ಮಗಳು ನನ್ನ ಕೈಯಲ್ಲೇ ಹತ್ತನೇ ತರಗತಿವರೆಗೆ ಕನ್ನಡ ಕಲಿತವಳು. ಈಗ ಕೆಲಸದಲ್ಲಿದ್ದಾಳೆ, ಜೊತೆಗೆ ಒಂದು ಬ್ಯಾಂಡಿನಲ್ಲಿ ಗಿಟಾರು ನುಡಿಸಿ ಹಾಡುತ್ತಾಳೆ. ಹೋದ ವರ್ಷ ಒಂದು ಶುಕ್ರವಾರ ಮೇಡಂ ನನ್ನನ್ನು ಕರೆದರು. ಭಾನುವಾರ ಮಧ್ಯಾಹ್ನ ಬಸವನಗುಡಿಯಲ್ಲಿ ಮಗಳ ಬ್ಯಾಂಡಂತೆ, ರೆಗ್ಗೆ ಎಂಬ ಸಂಗೀತವಂತೆ, ಜೊತೆಗೆ ಜಪಾನಿನ ಊಟವಂತೆ. ಜನರ ಮುಂದೆ ಅವಳದು ಇದೇ ಮೊದಲು.

“ಊಟ ನಿಮಗಾಗಲ್ಲ, ಗೊತ್ತು. ಹಾಡು ಕೇಳಕ್ಕಾದ್ರೂ ಬನ್ನಿ ಮೇಡಂ. ಮಿಸ್ ಬರ್ತಾರಾ ಅಂತ ಒಂದೇ ಸಮ ಕೇಳ್ತಿದಾಳೆ,” ಎಂದರು.

ಮನೆಯಲ್ಲೇ ಊಟ ಮುಗಿಸಿ ನಾಲ್ಕಕ್ಕೆ ಬರುತ್ತೇನೆ ಎಂದೆ. ಭಾನುವಾರ ಮನೆಯವರು ಊರಲ್ಲಿರಲಿಲ್ಲ. ಒಬ್ಬಳಿಗೆಂದು ಒಲೆ ಹಚ್ಚಲು ಸೋಮಾರಿತನ. ಮೆಟ್ರೊ ಹತ್ತಿದವಳು ಮೂರಕ್ಕೆಲ್ಲ ಅಲ್ಲಿದ್ದೆ.

ಗಾಂಧಿ ಬಜಾರಿನ ಹಿಂದಿನ ರಸ್ತೆಯ ಒಂದು ಹಳೇ ಬಂಗಲೆ. ಅಂಗಳದ ಮಾವಿನ ಮರದ ಕೆಳಗೆ ಸಣ್ಣ ವೇದಿಕೆ, ಇನ್ನೊಂದು ಮೂಲೆಯಲ್ಲಿ ಅಡುಗೆ. ಬಂದವರೆಲ್ಲ ಇಪ್ಪತ್ತು ಮೂವತ್ತರ ಹುಡುಗ ಹುಡುಗಿಯರು. ಗುರುತಿನವರು ಒಬ್ಬರೂ ಇಲ್ಲ. ಇದನ್ನು ಎರಡು ಸಲ ಸುತ್ತ ನೋಡಿ ಖಾತ್ರಿ ಮಾಡಿಕೊಂಡೆ ಎಂಬುದನ್ನೂ ಬರೆದುಬಿಡುತ್ತೇನೆ. ಸಾರು ಕುದಿಯುವ ಘಮಕ್ಕೆ ಬಾಯಲ್ಲಿ ನೀರೂರುತ್ತಿತ್ತು. ಅಡುಗೆಗೆ ನಿಂತಿದ್ದಾಕೆ ನಲವತ್ತರ ಹತ್ತಿರದ ಹೆಂಗಸು, ಜಪಾನಿನಲ್ಲಿ ಕೆಲವು ವರ್ಷ ಇದ್ದು ಬಂದವರಂತೆ. ಮೀನು ಗೀನು ಹಾಕಿದೀರಾ ಎಂದು ಕೇಳಿದೆ. ಇಲ್ಲ, ಇದು ಪೂರ್ತಿ ವೆಜ್ ಎಂದರು. ಅಷ್ಟೇ. ನೀವು ಯಾರ ಪೈಕಿ, ತಾತ ಯಾವ ಕೇರಿ ಎಂಬ ಯಾವ ವಿಚಾರಣೆಯೂ ನನ್ನ ಕಡೆಯಿಂದ ಇಲ್ಲ. ತಗೊಂಡು ಕಲ್ಲುಬೆಂಚಿನ ಮೇಲೆ ಕೂತೆ.

ಅಣಬೆಯ ಸಾರಿನಲ್ಲಿ ಉದ್ದುದ್ದ ಶಾವಿಗೆ, ಮೇಲೆ ಕೆಂಪಗೆ ಖಾರದ ಎಣ್ಣೆ. ಆಹಾ, ಏನು ರುಚಿ! ಕಡ್ಡಿ ಹಿಡಿಯಲು ಬಾರದೆ ಚಮಚ ಕೇಳಿ ಪಡೆದು ಸೊರ್ರನೆ ಎಳೆದೆ. ಖಾರ ಇನ್ನೂ ಬೇಕಿತ್ತೆಂದು ಅಡುಗೆಯಾಕೆಗೆ ಕೂಗಿ ಹೇಳಿದೆ.

“ನೀವು ಹೊರಗೇನೂ ತಿನ್ನಲ್ವಲ್ಲಾ, ಹಸ್ಕೊಂಡಿರ್ತೀರ ಅಂತ ಹಣ್ಣು ತಂದೆ…”

ಹಿಂದಿನಿಂದ ಬಂದಿದ್ದರು ಗಣಿತದ ಮೇಡಂ. ಮಾತು ಶುರು ಮಾಡಿದಾಗ ಅವರಿಗೆ ನನ್ನ ಬಟ್ಟಲು ಕಂಡಿರಲಿಲ್ಲ. ಮುಗಿಯುವಷ್ಟರಲ್ಲಿ ಕಂಡಿತು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಏಲಕ್ಕಿ ಬಾಳೆಹಣ್ಣು. ಅದೇ ಹೊತ್ತಿಗೆ ಅಡುಗೆಯಾಕೆ ಬಂದು ಖಾರದ ಎಣ್ಣೆಯ ಬಾಟಲಿಯನ್ನೇ ನನ್ನ ಪಕ್ಕದಲ್ಲಿಟ್ಟು, ಎಷ್ಟು ಬೇಕೋ ಹಾಕಿಕೊಳ್ಳಿ ಎಂದು ಹೋದರು.

ಮೇಡಂ ಬಟ್ಟಲು ನೋಡಿದರು, ಬಾಟಲಿ ನೋಡಿದರು, ಆಮೇಲೆ ನನ್ನನ್ನು. ಲೆಕ್ಕದವರು, ಹದಿನೆಂಟು ವರ್ಷವನ್ನು ಕೂಡಲು ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಇವತ್ತೇನೋ ಸ್ವಲ್ಪ ಪರವಾಗಿಲ್ಲ, ಹೊಸ ಮಾತ್ರೆ ಎಂದೇನೋ ತೊದಲಿದೆ. ಥೂ, ಆಗಲೂ ಸುಳ್ಳೇ ಬಂತು. ಅವರು ಹಣ್ಣಿನ ಪೊಟ್ಟಣವನ್ನು ತಮ್ಮ ಚೀಲದೊಳಗೆ ಇಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತರು. ಎದ್ದು ಬೇರೆ ಕಡೆ ಹೋಗಿ ಕೂತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸಂಗೀತ ಶುರುವಾಯಿತು. ಚಿಕ್ಕಂದಿನಲ್ಲಿ ನಾನೂ ತಾಳ ಹಾಕಿ ನಾಲ್ಕು ಕೀರ್ತನೆ ಕಲಿತವಳು. ಇದರಲ್ಲಿ ಕೈ ತಟ್ಟುವ ಜಾಗ ಬಿಟ್ಟು, ಅದರ ಮುಂದಿನ ಖಾಲಿ ಜಾಗದಲ್ಲಿ ಗಿಟಾರು ಚಕ್ ಎನ್ನುತ್ತಿತ್ತು. ಎಲ್ಲರೂ ಕೂತಲ್ಲೇ ತೂಗುತ್ತಿದ್ದರು. ಮೂರನೆಯ ಹಾಡಿಗೆ ಮೊದಲು ಹುಡುಗಿ ಮೈಕಿನಲ್ಲಿ, ಇದು ಕನ್ನಡದ ಹಾಡು, ನಾನೇ ಬರೆದದ್ದು, ನನಗೆ ಕನ್ನಡ ಕಲಿಸಿದ ಮಿಸ್ ಇಲ್ಲೇ ಬಂದಿದ್ದಾರೆ ಎಂದು ಕೈ ತೋರಿಸಿದಳು. ಜನರೆಲ್ಲ ತಿರುಗಿ ನೋಡಿ ಚಪ್ಪಾಳೆ ಹೊಡೆದರು. ತೊಡೆಯ ಮೇಲೆ ಆರಿದ ಬಟ್ಟಲಿಟ್ಟುಕೊಂಡು ಹಲ್ಲು ಬಿಟ್ಟೆ. ಭೂಮಿ ಬಾಯಿ ಬಿಟ್ಟರೆ ಸಾಕು ಎನ್ನುವುದನ್ನು ಎಷ್ಟು ಸಲ ಮಕ್ಕಳಿಗೆ ವಾಕ್ಯದಲ್ಲಿ ಪ್ರಯೋಗಿಸಿ ಎಂದು ಕೊಟ್ಟಿದ್ದೇನೆ! ಆ ಹಾಡಿನ ಒಂದು ಪದವೂ ನನ್ನ ತಲೆಗೆ ಹೋಗಲಿಲ್ಲ. ನನ್ನ ವಿದ್ಯಾರ್ಥಿನಿ ಬರೆದ ಹಾಡು, ಒಂದು ಸಾಲೂ ನೆನಪಿಲ್ಲ.

ಮುಗಿದ ಮೇಲೆ ಅವಳು ಬೆವರು ಒರೆಸಿಕೊಳ್ಳುತ್ತಾ ಓಡಿ ಬಂದಳು. ಬಟ್ಟಲು ನೋಡಿ ಕಣ್ಣರಳಿಸಿದಳು.

“ಮಿಸ್, ನೀವು ಇಲ್ಲಿ ತಿಂದ್ರಾ? ನಿಮಗೆ ಆಗಲ್ಲ ಅಂತ ಅಮ್ಮ ಯಾವಾಗ್ಲೂ ಹೇಳ್ತಿದ್ರು.”

ಉತ್ತರ ಕೊಟ್ಟದ್ದು ಅವಳ ಅಮ್ಮ. “ಈಗ ವಾಸಿಯಾಗಿದೆ ಕಣೇ. ತಿನ್ನಬಹುದು ಅಂದಿದಾರಂತೆ ಡಾಕ್ಟ್ರು.”

ನನ್ನ ಮಾನ ಉಳಿಸಲು ಹಾಗೆಂದರೋ, ಮಗಳಿಗೆ ಇದು ತಿಳಿಯದಿರಲಿ ಎಂದು ಹಾಗೆಂದರೋ. ಎರಡನೆಯದೇ ಇರಬೇಕು. ಹಾಗಾದರೆ ಮುಂದಿನ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬನ್ನಿ ಎಂದು ಹುಡುಗಿ ನನ್ನ ಕೈ ಹಿಡಿದುಕೊಂಡಳು. ಅಮ್ಮ ಬನ್ನಿ ಎನ್ನಲಿಲ್ಲ. ವಾಪಸ್ ಬರುವಾಗ ಮೆಟ್ರೊದಲ್ಲಿ ನಾವಿಬ್ಬರೂ ಒಂದೇ ಬೋಗಿಯಲ್ಲಿ ನಿಂತಿದ್ದೆವು, ಸೋಮವಾರದ ಟೆಸ್ಟ್ ಪೇಪರಿನ ವಿಷಯ ಮಾತಾಡಿದೆವು.

ರಾತ್ರಿಯೆಲ್ಲ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ. ಕ್ಷಮೆ ಕೇಳುವ ಧೈರ್ಯವಂತೂ ನನಗಿರಲಿಲ್ಲ. ಅವರ ಡಬ್ಬಿಯಿಂದ ಕೇಳಿ ತಿನ್ನುತ್ತೇನೆ, ಅಲ್ಲಿಗೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ನಾನು ಕೈ ಚಾಚುವುದೇ ದೊಡ್ಡ ಉಪಕಾರ ಎಂಬಂತೆ!

ಸೋಮವಾರ ಊಟದ ಬೆಲ್ ಆಯಿತು. ಅವರು ಡಬ್ಬಿ ಬಿಚ್ಚಿದರು. ಚಪಾತಿ, ಮೆಂತ್ಯದ ಪಲ್ಯ. ನನ್ನ ಡಬ್ಬಿಯ ಮುಚ್ಚಳ ಅವರ ಮುಂದೆ ಹಿಡಿದು, ನನಗೂ ಸ್ವಲ್ಪ ಹಾಕಿ ಮೇಡಂ ಎಂದೆ.

ಅವರು ಮುಚ್ಚಳ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

“ಬೇಡ ಮೇಡಂ,” ಎಂದರು, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ. “ನಿಮಗೆ ಅಲ್ಸರ್.”

ಆಮೇಲೆ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ನನ್ನ ಮುಚ್ಚಳದಲ್ಲಿ ಇಟ್ಟರು.