ಬಿಚ್ಚಪ್ಪ ಕೈಕಟ್ಟಿ ಕೂತದ್ದು

ಫ್ಯಾನು, ಮಿಕ್ಸಿ, ಗಡಿಯಾರ ರಿಪೇರಿ ಮಾಡುವ ಅವನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಬಿಚ್ಚಪ್ಪ. ಹುಟ್ಟಿದ ಕೂಡಲೇ ತೊಟ್ಟಿಲಿನ ಮೊಳೆ ಕಿತ್ತು ನೋಡಿದವನಂತೆ. ಮದುವೆಯ ದಿನ ಮೈಕು ಗೊರಗೊರ ಅಂದಿತೆಂದು ಅದನ್ನು ಬಿಚ್ಚಿಕೊಂಡು ಕೂತವನನ್ನು ಹುಡುಗಿಯೇ ಬಂದು ರಟ್ಟೆ ಹಿಡಿದು ಎಳೆದೊಯ್ದಳಂತೆ. ಬಿಚ್ಚಿದ್ದೆಲ್ಲ ಮತ್ತೆ ಕೂಡುತ್ತಿತ್ತು ಎಂದೇನಲ್ಲ. ಚಿಕ್ಕಂದಿನಲ್ಲಿ ತಂಗಿಯ ಕೀಲುಗೊಂಬೆ ಚೆನ್ನಾಗಿಯೇ ಹಾಡುತ್ತಿದ್ದರೂ ಅದನ್ನು 'ಇನ್ನೂ ಚೆನ್ನಾಗಿ ಹಾಡಲಿ' ಎಂದು ಬಿಚ್ಚಿದ್ದ. ಅಂದಿನಿಂದ ಅದು ಬಾಯಿ ಬಿಟ್ಟಿಲ್ಲ. ತಂಗಿಗೆ ಈಗ ತಲೆ ನರೆತಿದೆ. ಸಿಟ್ಟು ಮಾತ್ರ ಎಳೆಯದಾಗಿಯೇ ಇದೆ.

ಆ ತಂಗಿಯೇ ಕೆಲಸದ ಮೇಲೆ ಕೆಲವು ತಿಂಗಳು ಪರವೂರಿಗೆ ಹೊರಟಾಗ, ಬೇರೆ ಯಾರೂ ಒಪ್ಪದೆ, ತಾನು ಸಾಕಿದ ಟ್ಯಾರಂಟುಲಾ ಜೇಡದ ಮರಿಯನ್ನು ಇವನ ಮುಂದೆ ತಂದಿಟ್ಟಳು. ಗಾಳಿಗೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಮಣ್ಣು, ಮಣ್ಣಿನ ಮೇಲೆ ಕಡಲೆಬೀಜದಷ್ಟು ರೋಮದ ಉಂಡೆ.

"ಅಣ್ಣ, ಒಂದು ಮೂಲೆ ಮಣ್ಣು ಒದ್ದೆ ಇರ್ಲಿ. ಆಗಾಗ ಸಣ್ಣ ಮಿಡತೆ ಹಾಕು. ತಿನ್ನದಿದ್ರೆ ಆಚೆ ತೆಗೆದುಬಿಡು. ಪೊರೆ ಬಿಡೋ ಮುಂಚೆ ಅದು ತಿನ್ನಲ್ಲ. ಬಿಡುವಾಗ ಸತ್ತ ಹಾಗೆ ಅಂಗಾತ ಬಿದ್ದಿರುತ್ತೆ. ಆಗ ಮೈ ಮೆತ್ತಗಿರುತ್ತೆ, ಮಿಡತೆಯೇ ಇದನ್ನ ಕಡಿದುಹಾಕುತ್ತೆ. ನೀನೂ ಮುಟ್ಟಬೇಡ, ಕೈ ಮುಗೀತೀನಿ."

"ನಾನ್ಯಾಕೆ ಮುಟ್ಟಲಿ?"

"ಆ ಗೊಂಬೇನ ಯಾರು ಮುಟ್ಟಿದ್ರು?"

ಮಾತು ನಾಟಿತು. ಇದನ್ನು ಜೀವಂತವಾಗಿ ಅವಳ ಕೈಗೆ ಒಪ್ಪಿಸಿಯೇ ತೀರುತ್ತೇನೆಂದು ಹಟ ಹಿಡಿದ. ಹೆಂಡತಿ ಮನೆಗೆ ಬಿಟ್ಟುಕೊಳ್ಳಲಿಲ್ಲವಾದ್ದರಿಂದ ಡಬ್ಬಿ ಅಂಗಡಿಯ ಶೆಲ್ಫ್ ಸೇರಿತು. ಹೊಸ ಡ್ರಾಪರನ್ನು ಏಳು ನೀರಲ್ಲಿ ತೊಳೆದು, ತೂಕ ಹಾಕಿದಂತೆ ಹನಿ ಬಿಡುತ್ತಿದ್ದ.

ಒಂದು ವಾರ ಮರಿ ಊಟ ಬಿಟ್ಟಿತು. ರಿಪೇರಿ ಬುದ್ಧಿ ಸುಮ್ಮನಿರುತ್ತದೆಯೇ? ಹಾಕಿದ ಮಾಲಿನಲ್ಲೇ ದೋಷ ಎಂದುಕೊಂಡು, ಕುದುರೆಮರಿಯಂಥ ಕೊಬ್ಬಿದ ಮಿಡತೆಯೊಂದನ್ನು ಹಾಕಿ, ತೆಗೆಯುವುದನ್ನು ಮರೆತ. ಮರುದಿನ ಹೆಂಡತಿ ಊಟದ ಬುತ್ತಿ ತಂದಾಗ ಜೇಡ ಅಂಗಾತ ಬಿದ್ದಿತ್ತು.

"ಅಯ್ಯೋ, ಹೋಗ್ಬಿಟ್ಟಿದೆ ರೀ! ನಿಮ್ಮ ತಂಗಿಗೆ ಏನ್ ಹೇಳ್ತೀರ?"

"ಹೋಗಿಲ್ಲ ಕಣೇ, ಪೊರೆ ಬಿಡ್ತಿದೆ," ಎಂದವನು ಡಬ್ಬಿಯೊಳಗೆ ಬಗ್ಗಿ ನೋಡಿದ. ಜೇಡದ ಹೊಟ್ಟೆಯ ಪಕ್ಕದಲ್ಲೇ ಮಿಡತೆ ಮೀಸೆ ಆಡಿಸುತ್ತಿತ್ತು.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಚಿಮಟ ಇಳಿಸಿದ. ಅವನು ಉಸಿರು ಹಿಡಿದ ರಭಸಕ್ಕೆ ಬೀದಿಯ ಮರಗಳಲ್ಲೂ ಎಲೆ ಅಲ್ಲಾಡಲಿಲ್ಲ. ಮಿಡತೆಯ ಹಿಂಗಾಲು ಸಿಕ್ಕಿತು. ಜೇಡದ ಒಂದು ರೋಮವೂ ಅಲುಗದಂತೆ ಅದನ್ನು ಮೇಲೆತ್ತಿ, ಮುಚ್ಚಳ ಮುಚ್ಚಿ, ಚಿಮಟವನ್ನು ಹೆಂಡತಿಗೆ ಕೊಟ್ಟ.

"ನಿನ್ನ ಹತ್ರ ಇಟ್ಕೋ. ನಾನೇ ಕೇಳಿದ್ರೂ ಕೊಡಬೇಡ."

ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿ ಸ್ಟೂಲಿನ ಮೇಲೆ ಕೂತಳು. ಜೇಡದ ಹಳೆ ಚರ್ಮ ಬಿರಿಯಿತು, ಕಾಲುಗಳು ಒಂದೊಂದಾಗಿ ಹೊರಬರತೊಡಗಿದವು. ಕೊನೆಯದು ಮಾತ್ರ ಬರಲೊಲ್ಲದು.

"ಕೊಡೇ, ಸಿಕ್ಕಿಕೊಂಡಿದೆ. ಹೀಗೆ ಹಿಡಿದು ಹಾಗೆ ಎಳೆದುಬಿಡ್ತೀನಿ."

"ಕೊಡಲ್ಲ."

"ನನ್ನ ಚಿಮಟ ಕಣೇ!"

"ಕೊಡಬೇಡ ಅಂದ ಬಾಯೂ ನಿಮ್ಮದೇ."

ಬಿಚ್ಚಪ್ಪ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ. ಮಿಕ್ಸಿ ತಂದ ಗಿರಾಕಿಗೆ, "ಕೈ ಖಾಲಿ ಇಲ್ಲ, ನಾಳೆ ಬನ್ನಿ" ಎಂದ. ಗಿರಾಕಿ ಕೈಗಳನ್ನು ಹುಡುಕಿ ನೋಡಿ, ಸಿಗದೆ, ಹೊರಟುಹೋದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಆ ಕಾಲೂ ಜಾರಿ ಹೊರಬಂತು.

"ರೀ, ಎರಡಾಗಿದೆ!" ಹೆಂಡತಿ ಚೀರಿದಳು.

ಒಂದು ಬರೀ ಪೊರೆ. ಮರಿ ತನ್ನನ್ನು ತಾನೇ ಬಿಚ್ಚಿಕೊಂಡು, ಒಂದು ಸ್ಕ್ರೂ ಮಿಗದಂತೆ ಮತ್ತೆ ಕೂಡಿಕೊಂಡಿತ್ತು. ಬಿಚ್ಚಪ್ಪನ ನಲವತ್ತು ವರ್ಷದ ಕಸುಬಿನಲ್ಲಿ ಅಂಥ ಕೆಲಸ ಒಂದೂ ಆಗಿರಲಿಲ್ಲ.

ತಂಗಿಗೆ ಫೋನ್ ಮಾಡಿದ.

"ಪೊರೆ ಬಿಡ್ತಾ? ನೀನೇನು ಮಾಡಿದೆ ಅಣ್ಣ?"

"ಮಿಡತೆ ತೆಗೆದೆ. ಆಮೇಲೆ ಏನೂ ಮಾಡಲಿಲ್ಲ!" ಕೋಟೆ ಗೆದ್ದವನಂತೆ ಕೂಗಿದ.

"ಆ ಗೊಂಬೆ ಇನ್ನೂ ಇಟ್ಟಿದೀನಿ ಅಣ್ಣ. ಬರುವಾಗ ತರ್ಲಾ?"

ಬಿಚ್ಚಪ್ಪ ಚಿಮಟಕ್ಕಾಗಿ ಹೆಂಡತಿಯ ಕಡೆ ಕೈ ಚಾಚಿದ.

"ಇರಿ," ಎಂದಳು ಅವಳು, ಸೊಂಟದ ಮೇಲೆ ಕೈಯಿಟ್ಟು. "ಮೊದಲು ಮರಿಯ ಹಲ್ಲು ಗಟ್ಟಿಯಾಗಿ ಮಿಡತೆ ತಿನ್ನಲಿ."